ಗಣಪಣ್ಣನ ಮಾತಿನ ಬೆನ್ನು ಹತ್ತಿ ಸ್ವೀಡನ್ನಿಗೆ

ಹೊಸನಗರ, ನಿಟ್ಟೂರು: ಹೊರಡುವ ಮೊದಲು

ಸ್ವೀಡನ್ನಿಗೆ ಹೋಗಿ ಬಂದೆ ಎಂದರೆ ತೀರ್ಥಹಳ್ಳಿಯಲ್ಲಿ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ಚಳಿ ಹೇಗಿತ್ತು? ಊಟಕ್ಕೆ ಏನು ಮಾಡಿದಿರಿ? ಜೂನ್ ತಿಂಗಳಾದ್ದರಿಂದ ಚಳಿ ನಮ್ಮ ಡಿಸೆಂಬರಿನಷ್ಟೇ ಇತ್ತು. ಊಟದ ಕಥೆ ಮುಂದೆ ಬರುತ್ತದೆ. ಯಾವ ಕೆಲಸಕ್ಕೆ ಹೋಗಿದ್ದಿರಿ ಎಂದು ಮಾತ್ರ ಯಾರೂ ಕೇಳುವುದಿಲ್ಲ, ಆದ್ದರಿಂದ ಕೇಳದೆಯೇ ಹೇಳಿಬಿಡುತ್ತೇನೆ. ನಾನು ಅಷ್ಟು ದೂರ ಹೋದದ್ದು ಒಂದು ಕತ್ತಲೆ ಗೂಡಿನಲ್ಲಿ ಕೂತು ಗುಂಡಿ ಒತ್ತಲಿಕ್ಕೆ.

ನಾನು ತೀರ್ಥಹಳ್ಳಿಯ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ಹುಟ್ಟೂರು ಹೊಸನಗರ, ಅಲ್ಲಿ ನಮ್ಮಪ್ಪನದು ಬಟ್ಟೆ ಅಂಗಡಿ. ನಿಟ್ಟೂರಿನ ಗಣಪಣ್ಣ ಪಂಚೆ ಕೊಳ್ಳುವ ನೆವದಲ್ಲಿ ಆ ಅಂಗಡಿಗೆ ಬಂದು ಗಂಟೆಗಟ್ಟಲೆ ಮಾತಾಡುತ್ತ ಕೂರುತ್ತಿದ್ದರು. ಅವರು ತಾಳಮದ್ದಳೆಯ ಅರ್ಥಧಾರಿ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಒಂದು ಪದ ಹಾಡುತ್ತಾರೆ, ಅರ್ಥಧಾರಿ ಕೂತಲ್ಲೇ ಪಾತ್ರವಾಗಿ ಅದನ್ನು ಮಾತಿನಲ್ಲಿ ಬೆಳೆಸುತ್ತಾನೆ, ಎದುರಿನವನು ಖಂಡಿಸುತ್ತಾನೆ. ಪದ ಮಾತ್ರ ಬರೆದಿಟ್ಟದ್ದು, ಅರ್ಥ ಆ ಹೊತ್ತಿಗೆ ಹುಟ್ಟಿದ್ದು. ನಿನ್ನೆ ಹೇಳಿದ್ದನ್ನೇ ಇವತ್ತೂ ಹೇಳುವವನನ್ನು ‘ಬಾಯಿಪಾಠದವ’ ಎಂದು ಹಿಂದಿನಿಂದ ಆಡಿಕೊಳ್ಳುತ್ತಾರೆ. ಎಪ್ಪತ್ತು ತುಂಬಿದ ಗಣಪಣ್ಣನಿಗೆ ಆ ಹೆಸರು ಒಮ್ಮೆಯೂ ಬಂದಿರಲಿಲ್ಲ.

ಸ್ವೀಡನ್ನಿನ ಕರಾವಳಿಯ ಸಣ್ಣ ಊರೊಂದರ ರಂಗಮಂದಿರದವರು, ಬೇರೆ ಬೇರೆ ಭಾಷೆಯ ಮಾತಿನ ಕಲೆಗಳನ್ನು ಒಂದು ವಾರ ಆಡಿಸುತ್ತೇವೆ, ನಿಮ್ಮವರೂ ಬನ್ನಿ ಎಂದು ಕರೆದರು. ಪತ್ರ ವ್ಯವಹಾರವೆಲ್ಲ ನನ್ನದೇ. ಅವರದು ಒಂದೇ ಷರತ್ತು. ಆಡುವ ಮಾತನ್ನೆಲ್ಲ ಮುಂಚಿತವಾಗಿ ಬರೆದು ಕಳಿಸಬೇಕು. ಅದನ್ನು ಅವರು ತಮ್ಮ ಭಾಷೆಗೆ ತಂದು, ವೇದಿಕೆಯ ಮೇಲ್ಗಡೆಯ ಪರದೆಯಲ್ಲಿ ಮಾತಿಗೆ ಸರಿಯಾಗಿ ಬೆಳಕಿನ ಅಕ್ಷರಗಳಲ್ಲಿ ತೋರಿಸುತ್ತಾರೆ. ನಾನು ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ. ಗಣಪಣ್ಣನ ಮಾತು ಕನ್ನಡ ಬಾರದವರಿಗೂ ಮುಟ್ಟಬೇಕೆಂಬ ಆಸೆ ನನ್ನ ಬುದ್ಧಿಯನ್ನು ನುಂಗಿತ್ತು.

ಪ್ರಸಂಗ ನಮ್ಮ ಭಾಗವತರೇ ಕಟ್ಟಿದ ಹೊಸದು. ಕವಲೇದುರ್ಗದಂಥ ಒಂದು ಗುಡ್ಡದ ಕೋಟೆ. ಸೂರ್ಯ ಮುಳುಗಿದ ಮೇಲೆ ಯಾರು ಬಂದರೂ, ನಾನೇ ಬಂದರೂ, ಬಾಗಿಲು ತೆರೆಯಕೂಡದು ಎಂದು ರಾಜನ ಅಪ್ಪಣೆ. ಒಮ್ಮೆ ಕೋಟೆಯೊಳಗೆ ರಾಣಿ ಜ್ವರದಿಂದ ಮಲಗಿದ್ದಾಳೆಂದು ಕೇಳಿ ರಾಜನೇ ಓಡಿ ಬರುತ್ತಾನೆ. ಹೊತ್ತು ಮೀರಿರುತ್ತದೆ. ಕಾವಲುಗಾರ ಬಾಗಿಲು ತೆರೆಯುವುದಿಲ್ಲ. ಬೆಳಗಾಗುವವರೆಗೆ ಇಬ್ಬರಿಗೂ ವಾದ. ಸೂರ್ಯ ಹುಟ್ಟಿದ ಮೇಲೆ ಬಾಗಿಲು ತೆರೆಯುತ್ತದೆ, ರಾಣಿಯ ಜ್ವರ ಇಳಿದಿರುತ್ತದೆ, ರಾಜ ತನ್ನ ಉಂಗುರವನ್ನು ಕಾವಲುಗಾರನಿಗೆ ತೊಡಿಸುತ್ತಾನೆ. ಕಾವಲುಗಾರ ಗಣಪಣ್ಣ. ರಾಜ ಸಾಗರದ ಪಶುವೈದ್ಯರು, ನಮಗೆಲ್ಲ ಅವರು ಬರೀ ‘ಡಾಕ್ಟ್ರು’.

ಡಾಕ್ಟ್ರನ್ನು ಎದುರಿಗೆ ಕೂರಿಸಿ ಗಣಪಣ್ಣನಿಂದ ಮೂರು ಸಲ ಅರ್ಥ ಹೇಳಿಸಿ ಮೊಬೈಲಿನಲ್ಲಿ ಹಿಡಿದೆ. ಮೂರೂ ಬೇರೆ ಬೇರೆ. ನನಗೆ ಹಿಡಿಸಿದ್ದನ್ನು ಬರೆದು, ಇಂಗ್ಲಿಷಿಗೆ ತಂದು ಕಳಿಸಿದೆ. ಕನ್ನಡದ ಪ್ರತಿ ಹಿಡಿದು ನಿಟ್ಟೂರಿಗೆ ಹೋದೆ.

“ಇದೆಂತ ತಂಗಿ?”

“ನಿಮ್ಮದೇ ಮಾತು ಗಣಪಣ್ಣ. ಅಲ್ಲಿ ಇದೇ ಥರ ಹೇಳ್ಬೇಕು. ಇಲ್ಲಾಂದ್ರೆ ಪರದೆ ಮೇಲೆ ಒಂದು, ನಿಮ್ಮ ಬಾಯಲ್ಲಿ ಇನ್ನೊಂದು ಆಗ್ತದೆ.”

“ಅಂದ್ರೆ ನನ್ನ ಹಣೆಬರಹ ನೀ ಬರ್ದು ತಂದೀಯ!” ಎಂದು ನಕ್ಕರು. ಎರಡು ಹಾಳೆ ಮಗುಚಿದ ಮೇಲೆ ನಗು ನಿಂತಿತು. “ಉರು ಹೊಡ್ದು ಹೇಳಿದ್ರೆ ಅದು ಅರ್ಥ ಅಲ್ಲ ತಂಗಿ, ವರದಿ.”

“ಇದೊಂದು ಸಲ.”

“ನಿಮ್ಮಪ್ಪನ ಮುಖ ನೋಡಿ ಒಪ್ಕಂಡೆ. ಆದ್ರೆ ಒಂದು ತಿಳ್ಕ. ಅಲ್ಲಿ ಬಾಯಿಪಾಠದವ ಆಗಿ ಬಂದೋನು ಇಲ್ಲಿ ಯಾವ ಮುಖ ಇಟ್ಕಂಡು ಕೂರೂದು? ಮತ್ತೆ ನಾ ಅರ್ಥಕ್ಕೆ ಕೂರೂದಿಲ್ಲ.”

ಅವರು ಬಾಯಿಮಾತಿಗೆ ಹೇಳುವವರಲ್ಲ. ಮಾತನ್ನು ಕಟ್ಟಿಹಾಕದಿದ್ದರೆ ಪರದೆ ಖಾಲಿ, ಕಟ್ಟಿಹಾಕಿದರೆ ಗಣಪಣ್ಣ ಖಾಲಿ. ಈ ಇಕ್ಕಟ್ಟನ್ನು ಕಟ್ಟಿಕೊಂಡು ನಾವು ಐವರು ಸಾಗರದಲ್ಲಿ ರೈಲು ಹತ್ತಿದೆವು.

ಬಂದರಿನ ದೊಡ್ಡ ಊರು

ವಿಮಾನ ಇಳಿದಲ್ಲಿ ತಪಾಸಣೆಯವರು ಮದ್ದಳೆಯನ್ನು ಹಿಡಿದುಕೊಂಡರು. ಒಳಗೆ ಏನಿದೆ ಎಂದು ಕೇಳಿದರು. ಗಾಳಿ ಎಂದೆ. ನಂಬಲಿಲ್ಲ. ಮದ್ದಳೆಯವರು ಅಲ್ಲೇ ಪೆಟ್ಟಿಗೆಯ ಮೇಲೆ ಕೂತು ಸ್ವಲ್ಪ ಹೊತ್ತು ನುಡಿಸಿದರು. ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಅಧಿಕಾರಿ ತಾನೂ ಒಂದು ಪೆಟ್ಟು ಹಾಕಿ ನೋಡಿ, ಕೈಬೀಸಿ ಕಳಿಸಿದ.

ಅಲ್ಲಿಯವರು ಬಸ್ಸಿಗೆ ಕಾಯುವಾಗ ಒಬ್ಬರಿಗೊಬ್ಬರು ಒಂದು ಮಾರು ದೂರ ನಿಲ್ಲುತ್ತಾರೆ. ಗಣಪಣ್ಣ ಸಾಗರದ ಬಸ್‌ಸ್ಟ್ಯಾಂಡಿನ ಅಭ್ಯಾಸದಲ್ಲಿ ಒಬ್ಬನ ಮಗ್ಗುಲಿಗೇ ಹೋಗಿ ನಿಂತರು. ಆತ ಎರಡು ಹೆಜ್ಜೆ ಸರಿದ. ತನಗೆ ಜಾಗ ಬಿಟ್ಟುಕೊಟ್ಟನೆಂದು ಇವರೂ ಎರಡು ಹೆಜ್ಜೆ ಸರಿದರು. ಹೀಗೆ ಸರಿಯುತ್ತ ಸರಿಯುತ್ತ ಇಬ್ಬರೂ ಪಕ್ಕದ ಹೂವಿನ ಅಂಗಡಿ ಮುಟ್ಟುವ ಹೊತ್ತಿಗೆ ಬಸ್ಸು ಬಂತು. “ಎಂತ ಸಂಕೋಚದ ಜನ ಮಾರಾಯ್ತಿ!” ಎಂದರು ಬಸ್ಸಿನಲ್ಲಿ.

ನಮ್ಮನ್ನು ಎದುರುಗೊಂಡವರು ಬ್ರಿಟ್ಟಾ. ಅರವತ್ತು ದಾಟಿದ ಹೆಂಗಸು, ನಾವು ಆಡಬೇಕಾದ ರಂಗಮಂದಿರದಲ್ಲಿ ಪರದೆಯ ಅಕ್ಷರಗಳ ಉಸ್ತುವಾರಿ ಇವರದು. ಕೆಲಸ ಹೇಗೆ ನಡೆಯುತ್ತದೆಂದು ಕಣ್ಣಾರೆ ನೋಡಿ ಎಂದು ಆ ಸಂಜೆ ನಮ್ಮನ್ನೆಲ್ಲ ಒಪೆರಾಕ್ಕೆ ಕರೆದೊಯ್ದರು. ಹಾಡುವುದು ಇಟಾಲಿಯನ್ ಭಾಷೆಯಲ್ಲಿ. ನೋಡುವವರಿಗೆ ಅದು ಬಾರದು. ಮೇಲೆ ಪರದೆ ನೋಡುತ್ತ, ಕೆಳಗೆ ಹಾಡುಗಾರರನ್ನು ನೋಡುತ್ತ, ಅಷ್ಟು ಜನ ಭತ್ತ ಹೆಕ್ಕುವ ಕೋಳಿಗಳ ಹಾಗೆ ತಲೆ ಎತ್ತಿ ಇಳಿಸುತ್ತ ಕೂತಿದ್ದರು. ಬ್ರಿಟ್ಟಾ ನನ್ನನ್ನು ಹಿಂದಿನ ಗಾಜಿನ ಗೂಡಿಗೆ ಕರೆದುಕೊಂಡು ಹೋದರು. ಒಬ್ಬಾತ ಸಂಗೀತದ ಪುಸ್ತಕ ಹರಡಿಕೊಂಡು ಕೂತಿದ್ದ, ಬೆರಳು ಗುಂಡಿಯ ಮೇಲೆ. ಹಾಡುಗಾರ್ತಿ ಉಸಿರು ಎಳೆದುಕೊಳ್ಳುವಾಗ ಈತನೂ ಎಳೆದುಕೊಳ್ಳುತ್ತಿದ್ದ, ಅವಳು ಬಾಯಿ ತೆರೆದ ಕ್ಷಣಕ್ಕೆ ಗುಂಡಿ, ಪರದೆಗೆ ಮುಂದಿನ ಸಾಲು. ನಾನು ಉಸಿರು ಬಿಗಿಹಿಡಿದು ನೋಡಿದೆ. ಇಷ್ಟು ನಯವಾದ ಕೆಲಸ ಎಂದು ಎಣಿಸಿರಲಿಲ್ಲ.

ಆದರೂ ಒಂದು ಕಡೆ ಹಾಡುಗಾರ ಬೇಕೆಂದೇ ತಡೆದು ನಿಂತ. ಅಕ್ಷರ ಆಗಲೇ ಮೇಲೆ ಬಂದಿತ್ತು. ಆತ ಬಾಯಿ ಬಿಡುವ ಮೊದಲೇ ಇಡೀ ಸಭೆ ಗೊಳ್ಳೆಂದು ನಕ್ಕಿತು.

“ಬಡ್ಸೂಕೆ ಮೊದ್ಲೇ ತೇಗಿದ್ರಲ್ಲ!” ಎಂದರು ಹೊರಗೆ ಬಂದ ಗಣಪಣ್ಣ. ಅವರಿಗೆ ಆ ಹಾಡುಗಾರನ ಬಗ್ಗೆ ಬಹಳ ಬೇಸರವಾಗಿತ್ತು.

ಕಡಲ ದಂಡೆಯ ಸಣ್ಣ ಊರು: ಮೊದಲ ದಿನ

ಈಗ ಊಟದ ಕಥೆ. ನಮ್ಮ ಮನೆಯವರು ಜೈನರು. ನಾನು ನೆಲದೊಳಗೆ ಬೆಳೆದ ಗೆಡ್ಡೆ ತಿನ್ನುವುದಿಲ್ಲ, ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ. ಬ್ರಿಟ್ಟಾ ಪ್ರೀತಿಯಿಂದ ಮಾಡಿದ್ದು ಆಲೂಗಡ್ಡೆ ಸಾರು, ಆಲೂಗಡ್ಡೆ ಪಲ್ಯ, ಜೊತೆಗೆ ಬೀಟ್‌ರೂಟು. ನಾನು ಬ್ರೆಡ್ಡು, ಸೌತೆಕಾಯಿ ತಿಂದೆ. ಪಾಪ, ಅವರ ಮುಖ ಸಣ್ಣದಾಯಿತು. ಆದರೆ ಅಲ್ಲಿಯ ಸೂರ್ಯ ನನ್ನ ಪರವಾಗಿದ್ದ. ಅವನು ರಾತ್ರಿ ಹತ್ತು ಗಂಟೆಯಾದರೂ ಕಡಲಿನ ಮೇಲೆ ಕೂತೇ ಇದ್ದ. ಒಂಬತ್ತೂವರೆಗೆ ಬ್ರಿಟ್ಟಾ ಬಟಾಣಿ ಬೇಯಿಸಿ ತಂದರು. ಹುಟ್ಟಿದಾರಭ್ಯ ಆ ಹೊತ್ತಿನಲ್ಲಿ ಉಂಡವಳಲ್ಲ ನಾನು, ನಿಯಮ ಕೆಡದೆ ಹೊಟ್ಟೆ ತುಂಬ ಉಂಡೆ.

ತಾಲೀಮು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಗಣಪಣ್ಣ ಕೊಟ್ಟ ಮಾತಿನಂತೆ ಎಲ್ಲವನ್ನೂ ಬಾಯಿಪಾಠ ಮಾಡಿದ್ದರು. ಒಂದಕ್ಷರ ತಪ್ಪಲಿಲ್ಲ. ಕನ್ನಡ ಬಲ್ಲವಳೆಂದು ಗುಂಡಿಯನ್ನು ನನಗೇ ಒಪ್ಪಿಸಿದ್ದರು, ಅದೂ ತಪ್ಪಲಿಲ್ಲ. ಆದರೆ ಅವರ ಕಣ್ಣು ಎದುರಿನ ರಾಜನ ಮೇಲಿರಲಿಲ್ಲ, ಮುಂದಿನ ಸಾಲನ್ನು ಹುಡುಕುತ್ತ ಗಾಳಿಯಲ್ಲಿತ್ತು. ಶಾಲೆಯ ಹುಡುಗ ಮೇಷ್ಟರ ಮುಂದೆ ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿ, ಶಾಲು ಕೊಡವಿ ಎದ್ದು ಹೋದರು.

“ಇವರೇನಾ ನೀವು ಪತ್ರದಲ್ಲಿ ಅಷ್ಟು ಹೊಗಳಿದ್ದು?” ಎಂದು ಬ್ರಿಟ್ಟಾ ಮೆಲ್ಲಗೆ ಕೇಳಿದರು.

ನನಗೆ ಅಳು ಬಂತು. ಊರಿಗೆ ಊರೇ ಕಿವಿಗೊಟ್ಟು ಕೇಳಿದ ಮನುಷ್ಯನನ್ನು ನಾನು ಹಾಳೆಗೆ ಮೊಳೆ ಹೊಡೆದು ಕೂರಿಸಿದ್ದೆ.

ಎರಡನೆಯ ದಿನ: ಆಟ

ಮಧ್ಯಾಹ್ನ ಮೂರಕ್ಕೆ ಆಟ. ಮಂದಿರ ತುಂಬಿತ್ತು. ವೇದಿಕೆಯ ಮೇಲೆ ಪಂಚೆ, ಶಾಲು, ಪೇಟದ ನಾಲ್ವರು ನಮ್ಮವರು, ನೆತ್ತಿಯ ಮೇಲೆ ಉದ್ದ ಪರದೆ. ಮೇಲಿನ ಸಾಲು ಸ್ವೀಡಿಷ್, ಕೆಳಗಿನ ಸಾಲು ನನ್ನ ಇಂಗ್ಲಿಷ್. ಹಿಂದಿನ ಗೂಡಿನಲ್ಲಿ ನಾನು, ಪಕ್ಕದಲ್ಲಿ ಬ್ರಿಟ್ಟಾ.

ರಾಜ ಬಂದ, ಬಾಗಿಲು ತಟ್ಟಿದ, ನನ್ನ ದನಿಯೂ ಗುರುತು ಸಿಗಲಿಲ್ಲವೇ ಎಂದು ಗುಡುಗಿದ. ಇದಕ್ಕೆ ಕಾವಲುಗಾರನ ಉತ್ತರ: “ದನಿಯ ಗುರುತಿದೆ. ಹೋದ ತಿಂಗಳು ಇದೇ ದನಿಯಲ್ಲಿ ಒಬ್ಬ ಕಳ್ಳ ಬಂದಿದ್ದ. ನಿಮಗಿಂತ ರಾಜನಂತೆ ಮಾತಾಡಿದ.” ಗಣಪಣ್ಣ ಇದನ್ನು ಹೇಳುವ ಮೊದಲು ಶಾಲು ಸರಿಪಡಿಸಿಕೊಂಡರು. ನನ್ನ ಬೆವರಿದ ಬೆರಳು ಅಷ್ಟರಲ್ಲೇ ಗುಂಡಿ ಒತ್ತಿಬಿಟ್ಟಿತ್ತು. ಸಭೆ ಓದಿಕೊಂಡು ಜೋರಾಗಿ ನಕ್ಕಿತು.

ಗಣಪಣ್ಣ ಬಾಯಿ ತೆರೆದವರು ಹಾಗೇ ಮುಚ್ಚಿದರು. ನಗುವ ಸಭೆಯನ್ನು ನೋಡಿದರು. ಕತ್ತು ತಿರುಗಿಸಿ ಮೇಲಿನ ಪರದೆಯನ್ನು ನೋಡಿದರು.

ತಾಳಮದ್ದಳೆಯಲ್ಲಿ ಒಂದು ಪದ್ಧತಿಯಿದೆ. ಸಭೆಯಲ್ಲಿ ಯಾರಾದರೂ ಕೆಮ್ಮಲಿ, ಮಗು ಅಳಲಿ, ಕರೆಂಟು ಹೋಗಲಿ, ಒಳ್ಳೆಯ ಅರ್ಥಧಾರಿ ಅದನ್ನೂ ಕಥೆಯೊಳಗೇ ಎಳೆದುಕೊಂಡು ಉತ್ತರ ಕೊಡುತ್ತಾನೆ. ಬಿಟ್ಟರೆ ಅವನು ಸೋತಂತೆ. ಗಣಪಣ್ಣ ಎಂದೂ ಬಿಟ್ಟವರಲ್ಲ.

“ಮಹಾರಾಜ, ಕೇಳಿದಿರಾ? ನಾನು ತುಟಿ ತೆರೆಯುವ ಮೊದಲೇ ಕೋಟೆಯ ಜನ ನಕ್ಕರು. ನನ್ನ ಮಾತು ನನಗಿಂತ ಮುಂಚೆ ಬಾಗಿಲು ದಾಟಿ ಹೋಗಿದೆ! ಸೈನ್ಯವನ್ನು ತಡೆದ ಕಾವಲುಗಾರ ನಾನು, ಸಿಡಿಲನ್ನಾದರೂ ತಡೆದೇನು. ನನ್ನ ನಾಲಗೆಯ ತುದಿಯಿಂದಲೇ ಕದ್ದೊಯ್ದ ಈ ಕಳ್ಳನನ್ನು ಹೇಗೆ ತಡೆಯಲಿ?” ಎಂದು ಪರದೆಯತ್ತ ಬೆರಳು ತೋರಿಸಿದರು.

ಪರದೆಯ ಮೇಲೆ ಹಳೆಯ ಸಾಲು ಬೆಪ್ಪಾಗಿ ನಿಂತಿತ್ತು. ಬೆರಳು ನೋಡಿ ಸಭೆಯೂ ಮೇಲೆ ನೋಡಿತು, ಅಲ್ಲಿ ಹೊಸದೇನೂ ಕಾಣದೆ ಒಬ್ಬೊಬ್ಬರಾಗಿ ಹಿಂದಕ್ಕೆ, ನಮ್ಮ ಗೂಡಿನ ಕಡೆಗೆ ತಿರುಗಿದರು.

“ಏನಂದರು?” ಬ್ರಿಟ್ಟಾ ಕೇಳಿದರು.

“ಬರೆದದ್ದರಲ್ಲಿ ಇಲ್ಲದ್ದು.”

ಆಕೆ ಒಂದು ಕ್ಷಣ ನನ್ನ ಮುಖ ನೋಡಿ, ಸಿದ್ಧಪಡಿಸಿದ್ದನ್ನೆಲ್ಲ ಮುಚ್ಚಿ, ಖಾಲಿ ಪುಟ ತೆರೆದು ಕೀಲಿಮಣೆಯನ್ನು ನನ್ನ ಕಡೆ ತಳ್ಳಿದರು. “ಬರೆಯಿರಿ. ಇಂಗ್ಲಿಷ್ ಸಾಕು, ಎಲ್ಲರಿಗೂ ಬರುತ್ತದೆ.”

ಬರೆದೆ. ನನ್ನ ವಿದ್ಯಾರ್ಥಿಗಳು ಹಾಗೆ ಬರೆದಿದ್ದರೆ ಕೆಂಪು ಗೆರೆ ಎಳೆದು ವಾಪಸು ಕೊಡುತ್ತಿದ್ದೆ. ಕೊನೆಯ ಶಬ್ದ ಪರದೆಗೆ ಬಿದ್ದದ್ದೇ ಸಭೆ ಬಿದ್ದು ಬಿದ್ದು ನಕ್ಕಿತು. ಡಾಕ್ಟ್ರು ಸುಮ್ಮನಿರುವರೇ? “ಎಲವೋ, ಆ ಕಳ್ಳ ನನ್ನ ಮಾತನ್ನೂ ಬಿಟ್ಟಿಲ್ಲ. ಹೊರಗೆ ನಿಂತವನೂ ಒಳಗೆ ನಿಂತವನೂ ಸೂರೆ ಹೋದ ಮೇಲೆ ನಡುವೆ ಈ ಬಾಗಿಲು ಯಾಕೆ?” ಎಂದು ಕೂತಲ್ಲೇ ಮುಂದಕ್ಕೆ ಬಾಗಿದರು. ಅಲ್ಲಿಂದ ಮುಂದೆ ಹಾಳೆ ಹಾಳೆಯಾಗಿಯೇ ಉಳಿಯಿತು.

ನಾನು ಹಿಂದೆ ಬಿದ್ದಾಗಲೆಲ್ಲ ಗಣಪಣ್ಣನಿಗೆ ತಿಳಿಯುತ್ತಿತ್ತು. ಮಾತು ತುಂಡು ಮಾಡಿ ಕಾದರು. ಭಾಗವತರು ಶ್ರುತಿ ಬಿಡದೆ ಗುನುಗುತ್ತ, ಮದ್ದಳೆಯವರು ಮೆಲ್ಲಗೆ ಬೆರಳಾಡಿಸುತ್ತ ಆ ಸಂದನ್ನು ತುಂಬಿದರು. ನಾನು ಅರ್ಧ ಬಿಟ್ಟೆ, ಕಾಲು ಭಾಗ ಕೆಡಿಸಿದೆ, ಉಳಿದದ್ದು ದಾಟಿತು. ಗಣಪಣ್ಣನ ಕಣ್ಣು ಮತ್ತೆ ಎದುರಾಳಿಯ ಮೇಲಿತ್ತು. ನನಗೆ ಅದಕ್ಕಿಂತ ದೊಡ್ಡ ಸಂತೋಷ ಬೇಕಿರಲಿಲ್ಲ.

ರಾಜ ಉಂಗುರ ತೊಡಿಸಿ ಆಟ ಮುಗಿದ ಮೇಲೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಕೋಟು ಹಾಕಿಕೊಂಡು ಸದ್ದಿಲ್ಲದೆ ಮನೆಗೆ ಹೋದರು. ನಾನು ಗಣಪಣ್ಣನ ಹತ್ತಿರ ಹೋಗಿ ತಪ್ಪಾಯಿತೆಂದೆ.

“ನೀ ತಪ್ಪಿ ಒತ್ತಿದ್ದಕ್ಕೆ ನಾ ಉಳ್ಕಂಡೆ ತಂಗಿ.” ಆಮೇಲೆ ಖಾಲಿ ಕುರ್ಚಿಗಳನ್ನು ನೋಡುತ್ತ ಕೇಳಿದರು: “ಅವ್ರಿಗೆ ಮುಟ್ತಾ ಅಂತ?”

“ನಕ್ಕರಲ್ಲ.”

“ನಗೂದು ಬೇರೆ, ಮುಟ್ಟೂದು ಬೇರೆ. ನಮ್ಮಲ್ಲಾದ್ರೆ ಮಾರನೇ ದಿನ ಹೋಟ್ಲಲ್ಲಿ ಒಬ್ಬನಾದ್ರೂ ಹಿಡ್ಕಂಡು ಜಗಳ ತೆಗೀತಿದ್ದ, ನೀವು ಹೇಳಿದ್ದು ಸರಿ ಇಲ್ಲ ಅಂತ. ಇಲ್ಲಿ ಎಲ್ಲ ಚಪ್ಪಾಳೆ ಹೊಡ್ದು ಹೋಗಿಬಿಟ್ರು.”

ನಾನು ಕೈಯಲ್ಲಿದ್ದ ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿದೆ.

ಮೂರನೆಯ ದಿನ: ತಿಂಡಿಯ ಮೇಜು

ಬೆಳಿಗ್ಗೆ ನಾವು ಉಳಿದಿದ್ದ ಮನೆಗೆ ಒಬ್ಬ ಮುದುಕಿ ಬಂದರು. ಬಿಳಿ ಕೂದಲು, ನೀಲಿ ಕೋಟು, ನೆಟ್ಟಗಿನ ಬೆನ್ನು. ಹಿಂದಿನ ದಿನದ ಆಟ ನೋಡಿದವರು. ಕಾವಲುಗಾರನ ಹತ್ತಿರ ಮಾತಾಡಬೇಕು ಎಂದು ನನ್ನ ಬಳಿ ಇಂಗ್ಲಿಷಿನಲ್ಲಿ ಹೇಳಿದರು. ಅವರ ಮಾತನ್ನು ನಾನು ಗಣಪಣ್ಣನಿಗೆ ಕನ್ನಡದಲ್ಲಿ ದಾಟಿಸುತ್ತ ಹೋದೆ.

“ನಿಮ್ಮ ಕಾವಲುಗಾರ ಮಾಡಿದ್ದು ತಪ್ಪು,” ಎಂದರು ಆಕೆ, ಇನ್ನೂ ಕೂರದೆಯೇ.

ಗಣಪಣ್ಣನ ಮುಖ ಅರಳಿತು. ಕುರ್ಚಿ ಎಳೆದು ಕೊಟ್ಟರು. “ಕೂತ್ಕಳಿ ಅಮ್ಮ, ಕೂತ್ಕಳಿ! ಎಂತ ತಪ್ಪು ಹೇಳಿ.” ಎದುರಾಳಿ ಸಿಕ್ಕ ಖುಷಿ ಅವರ ಅಂಗೈ ಉಜ್ಜುವುದರಲ್ಲೇ ಕಾಣುತ್ತಿತ್ತು.

ಆಕೆ ಕೂತರು. “ನಾನು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಆಗ ನಿಯಮ ಬಿಗಿ, ನೋಡಲು ಬರುವವರಿಗೆ ಏಳು ಗಂಟೆಯವರೆಗೆ ಮಾತ್ರ. ಒಂದು ದಿನ ಬಾಗಿಲು ಹಾಕಿದ ಸ್ವಲ್ಪ ಹೊತ್ತಿಗೆ ಒಬ್ಬ ಬಂದ. ದೋಣಿಯಿಂದ ಇಳಿದು ಓಡಿ ಬಂದಿದ್ದ. ಹೆಂಡತಿ ಒಳಗೆ. ಅವಳ ಕಾಯಿಲೆ ಅಷ್ಟು ಜೋರಿಲ್ಲ ಎಂದೇ ನಾವೆಲ್ಲ ತಿಳಿದಿದ್ದೆವು. ನಾಳೆ ಬಾ ಎಂದೆ. ಅವನು ವಾದ ಮಾಡಲಿಲ್ಲ, ಹೋದ. ನಿಮ್ಮ ಕಾವಲುಗಾರ ಹೇಳಿದ ಒಂದೊಂದು ಮಾತೂ ನನ್ನದೇ. ನಿಯಮ ಒಬ್ಬನಿಗೆ ಸಡಿಲಿಸಿದರೆ ಎಲ್ಲರಿಗೂ ಸಡಿಲ, ಅದೆಲ್ಲ ಸರಿ. ನಿಮ್ಮ ಕಥೆಯಲ್ಲಿ ಬೆಳಗಾಗುವಾಗ ರಾಣಿ ಬದುಕಿದ್ದಳು. ನನ್ನ ವಾರ್ಡಿನಾಕೆ ಬದುಕಲಿಲ್ಲ. ನನಗೆ ಯಾರೂ ಉಂಗುರ ತೊಡಿಸಲಿಲ್ಲ. ಯಾರೂ ಬಯ್ಯಲೂ ಇಲ್ಲ. ಈಗ ಹೇಳಲಿ ನಿಮ್ಮ ಕಾವಲುಗಾರ.”

ಕೊನೆಯ ವಾಕ್ಯದವರೆಗೂ ಕನ್ನಡಕ್ಕೆ ತಂದು ಮುಗಿಸಿದೆ. ಗಣಪಣ್ಣ ಮೇಜಿನ ಮೇಲೆ ಕೈಯಿಟ್ಟು ಕೂತರು. ಅಪ್ಪನ ಅಂಗಡಿಯಲ್ಲಿ, ಸಭೆಗಳಲ್ಲಿ, ಎಷ್ಟೋ ವರ್ಷ ಕೇಳಿದ್ದೇನೆ. ಉತ್ತರ ತಡವಾದದ್ದನ್ನು ನೋಡಿದ್ದು ಅದೇ ಮೊದಲು.

“ಇವ್ರ ಮಾತಿಗೆ ನನ್ನ ಹತ್ರ ಅರ್ಥ ಇಲ್ಲ ಅಂತ ಹೇಳು ತಂಗಿ,” ಎಂದರು ಕೊನೆಗೆ. “ಹುಡುಕ್ತೀನಿ ಅಂತ ಹೇಳು.”

ಹೇಳಿದೆ. ಆಕೆ ತಲೆಯಾಡಿಸಿ, ಒಂದು ಚೀಟಿಯಲ್ಲಿ ತಮ್ಮ ವಿಳಾಸ ಬರೆದು ನನ್ನ ಕೈಗಿತ್ತು, ಬಂದಷ್ಟೇ ನೆಟ್ಟಗೆ ನಡೆದು ಹೋದರು. ವಿಮಾನದಲ್ಲಿ ಡಾಕ್ಟ್ರು ಅಲ್ಲಿಯ ಹಸುಗಳನ್ನು ಬಾಯಿ ತುಂಬ ಹೊಗಳುತ್ತಿದ್ದರು. ಗಣಪಣ್ಣ ತಮ್ಮ ಬಲಗೈಯನ್ನು ಮಗುಚಿ ಮಗುಚಿ ನೋಡುತ್ತಿದ್ದರು.

ಹೊಸನಗರ: ತಿರುಗಿ ಬಂದ ಮೇಲೆ

ಎರಡು ತಿಂಗಳ ನಂತರ ಒಂದು ಭಾನುವಾರ ಹೊಸನಗರದ ಶಾಲೆಯ ಸಭಾಂಗಣದಲ್ಲಿ ಅದೇ ಪ್ರಸಂಗ. ಗಣಪಣ್ಣ ಅರ್ಥಕ್ಕೆ ಕೂತರು ಎನ್ನುವುದೇ ನನಗೆ ದೊಡ್ಡದು. ಪರದೆಯಿಲ್ಲ, ಗುಂಡಿಯಿಲ್ಲ, ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದೆ. ವಾದ ಜೋರಾಗಿ ನಡೆಯಿತು. ಕಥೆಯಲ್ಲಿ ಸೂರ್ಯ ಹುಟ್ಟುವ ಬೆಳಗಿನ ಪದಕ್ಕೆ ಇನ್ನೂ ಬಹಳ ಹೊತ್ತಿತ್ತು, ಗಣಪಣ್ಣ ತಟ್ಟನೆ ಮಾತು ನಿಲ್ಲಿಸಿ ಬಲಗೈ ಮುಂದೆ ಚಾಚಿದರು.

“ಮಹಾರಾಜ, ಅಪ್ಪಣೆ ನಿಮ್ಮದು. ಬಾಗಿಲು ಕೋಟೆಯದು. ಆದರೆ ಅಗಳಿಯ ಮೇಲಿರುವ ಈ ಕೈ ನನ್ನದು. ಇಷ್ಟು ವರ್ಷ ಈ ಕೈಯನ್ನೂ ನಿಮ್ಮದೆಂದೇ ಎಣಿಸಿದ್ದೆ, ಅದೇ ನನ್ನ ಹೆಮ್ಮೆಯಾಗಿತ್ತು, ಅದೇ ನನ್ನ ತಪ್ಪು. ಎಲ್ಲೋ ಒಬ್ಬಳು ಕಾವಲುಗಾರ್ತಿ ಬಾಗಿಲು ತೆರೆಯದೆ, ಆ ಭಾರವನ್ನು ಇವತ್ತಿಗೂ ಒಬ್ಬಳೇ ಹೊತ್ತಿದ್ದಾಳೆ. ಅವಳು ಕೆಟ್ಟವಳಲ್ಲ. ಅವಳಿಗೆ ತೆರೆಯಬಹುದೆಂದು ಹೇಳುವವರು ಇರಲಿಲ್ಲ, ಅಷ್ಟೆ. ಅವಳ ಪಾಲಿನ ಬಾಗಿಲನ್ನೂ ಸೇರಿಸಿ ನಾನು ತೆರೆಯುತ್ತೇನೆ. ಶಿಕ್ಷೆ ನಾಳೆ ಈ ಕೈಗೆ ಆಗಲಿ. ಒಳಗೆ ಬನ್ನಿ, ರಾಣಿಯವರು ಕಾಯುತ್ತಿದ್ದಾರೆ.”

ಡಾಕ್ಟ್ರು ಉಂಗುರದ ಮಾತಿಗೆ ಸಿದ್ಧರಾಗಿ ಬಂದವರು. ತಿರುಗಿ ಭಾಗವತರ ಮುಖ ನೋಡಿದರು. ಭಾಗವತರು ಬೆಳಗಿನ ಪದ ಬಿಟ್ಟು, ಮಂಗಳದ ಪದ ಎತ್ತಿದರು.

ಜನ ಕರಗಿದ ಮೇಲೆ ಗಣಪಣ್ಣ ವೇದಿಕೆ ಇಳಿದು ನೇರ ನನ್ನ ಹತ್ತಿರ ಬಂದರು.

“ಬರ್ಕಂಡ್ಯಾ?”

“ಇಲ್ಲ ಗಣಪಣ್ಣ. ಇಲ್ಲೆಂತಕ್ಕೆ ಬರೀಲಿ? ಪೆನ್ನೂ ತಂದಿಲ್ಲ.”

“ಪೆನ್ನು ತಗ. ಆ ಅಮ್ಮಂಗೆ ಕಳಿಸ್ಬೇಕು.”

ಶಾಲೆಯ ಮೇಜಿನಿಂದ ಪೆನ್ನು, ಕಾಗದ ತಂದೆ. ಅವರು ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. ಹೇಳಿದ್ದನ್ನು ಎಂದೂ ಮತ್ತೆ ಹೇಳದ ಮನುಷ್ಯ, ಅಪ್ಪಣೆ ನಿಮ್ಮದು ಎಂಬಲ್ಲಿಂದ ಶುರು ಮಾಡಿ, ನನ್ನ ಪೆನ್ನು ಹಿಂದೆ ಬಿದ್ದಾಗಲೆಲ್ಲ ನಿಂತು ಕಾಯುತ್ತ, ಅದೇ ಮಾತನ್ನು ಒಂದಕ್ಷರ ಬಿಡದೆ ಇನ್ನೊಮ್ಮೆ ಹೇಳಿದರು.